ಒಂದು ತಾಸಿನ ನಿದ್ದೆ

ತಲೆಯೊಳಗಿನ ಚಿಪ್‌ಗೆ ಹೇಳದೆ ಊರಲ್ಲಿ ಯಾರಿಗೂ ನಿದ್ದೆ ಬರುತ್ತಿರಲಿಲ್ಲ. ಚಿಪ್‌ಗಳಲ್ಲಿ ಮೂರು ಜಾತಿ. ಮೂರಕ್ಕೂ ಒಂದೇ ಭಾಷೆ ತಿಳಿಯುವಂತೆ ಶಾಂಭವಿ ಬರೆದ ಇಂಟರ್‌ಪ್ರಿಟರ್ ಎಂಬ ದುಭಾಷಿ ಪ್ರೋಗ್ರಾಂ ಅಂದು ಬೆಳಿಗ್ಗೆಯಷ್ಟೇ ಎಲ್ಲರ ತಲೆಗೂ ಹೋಗಿತ್ತು.

"ಒಂದ್ ತಾಸು ಹಾಕವ್ವಾ, ಎದ್ದು ಚಾ ಮಾಡ್ತೀನಿ," ಎಂದು ಅತ್ತೆ ಚೆನ್ನಬಸಮ್ಮ ಉಂಡು ಚಾಪೆಯ ಮೇಲೆ ಒರಗಿದರು.

ಶಾಂಭವಿ ಫೋನಿನಲ್ಲಿ ಒಂದು ಎಂದು ಒತ್ತಿದಳು. ಅತ್ತೆಯ ಕಣ್ಣು ಮುಚ್ಚಿತು. ಏಳಲು ಇನ್ನೆಷ್ಟು ಹೊತ್ತು ಎಂದು ತೋರಿಸುವಲ್ಲಿ ಒಂದು ಕೋಟಿ ಅರವತ್ತೇಳು ಲಕ್ಷ ತಾಸು ಎಂದಿತ್ತು.

ಅತ್ತೆಯದು ಹಳೆಯ ಚಿಪ್. ನಾಲ್ಕು ತುಂಡುಗಳಾಗಿ ಬರುವ ಅಂಕಿಯನ್ನು ಅದು ಹಿಂದುಮುಂದಾಗಿ ಓದುತ್ತದೆ, ಕೊನೆಯ ತುಂಡಿನ ಒಂದು ಮೊದಲ ತುಂಡಿಗೆ ಹೋಗಿ ಕೋಟಿ ದಾಟುತ್ತದೆ; ಇಂಟರ್‌ಪ್ರಿಟರ್‌ನಲ್ಲಿ ಅದನ್ನು ತಿರುಗಿಸಿ ಕೊಡುವುದನ್ನು ಶಾಂಭವಿ ಮರೆತಿದ್ದಳು. ಆಫೀಸಿನಲ್ಲಿ ಯಾರೂ ನಿದ್ದೆಹೋಗದಿರಲೆಂದು ಸೊನ್ನೆ ತಾಸು ಹಾಕಿಯೇ ಪರೀಕ್ಷಿಸಿದ್ದಳು. ಸೊನ್ನೆಯನ್ನು ಯಾವ ಕಡೆಯಿಂದ ಓದಿದರೂ ಸೊನ್ನೆಯೇ.

"ಅತ್ತೀ, ಏಳ್ರಿ." ಭುಜ ಹಿಡಿದು ಅಲುಗಾಡಿಸಿದಳು. ಒಮ್ಮೆ ಮಲಗಿಸಿದ ಮೇಲೆ ಚಿಪ್ ಅವಧಿ ಮುಗಿಯುವವರೆಗೆ ಬೇರೆ ಮಾತು ಕೇಳುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಪಕ್ಕದ ಮನೆಯವರನ್ನು ಕರೆಯಲು ಬಾಗಿಲು ತೆರೆದಳು. ಆ ಬೀದಿಯಲ್ಲಿ ಎಲ್ಲರದೂ ಹಳೆಯ ಚಿಪ್. ಉಂಡು ಮಲಗುವ ಹೊತ್ತು. ಯಾವ ಮನೆಯಲ್ಲೂ ಸದ್ದಿರಲಿಲ್ಲ.