ಅಟ್ಟದ ಮೇಲಿನ ಟೈರು

ಅಕ್ಬರ್ ಪಾಷಾ ಹೊಚ್ಚ ಹೊಸ ಟೈರಿನ ಮೇಲೆ ಹೆಬ್ಬೆರಳು ಒತ್ತಿದ. ರಬ್ಬರು ಸಣ್ಣಗೆ ಬಿರಿಯಿತು. ಇನ್ನೊಂದನ್ನು ಒತ್ತಿದ, ಅದೂ ಹಾಗೇ. ನಾಲ್ಕನ್ನೂ ನೋಡಿ ಮುಗಿಸಿ, ಕೈ ಒರೆಸಿಕೊಂಡು, “ಸಾವ್ಕಾರ್ರೇ, ಇವನ್ನ ಎಲ್ಲಿ ಮಡಗಿದ್ರಿ?” ಎಂದ.

“ಅಟ್ಟದ್ ಮೇಲೆ, ಕೊಬ್ಬರಿ ಜೊತೇಲಿ,” ಎಂದರು ಸೂರ್ಯಪ್ರಕಾಶ್, ಹೆಮ್ಮೆಯಿಂದಲೇ. “ಐದು ವರ್ಷ ಆಯ್ತು. ಒಂದು ತೊಟ್ಟು ನೀರು ತಾಕಿಸಿಲ್ಲ. ಚೆನ್ನಾಗಿ ಒಣಗವೆ, ಅಲ್ವಾ?”

“ಒಣಗಿರೋದೇ ತೊಂದ್ರೆ ಸ್ವಾಮಿ! ಹೆಂಚಿನ ಕೆಳಗೆ ಐದು ಬೇಸಿಗೆ ಬೆಂದವೆ. ಇವನ್ನ ಹಾಕ್ಕೊಂಡು ಹೊರಟ್ರೆ ತಿಪಟೂರು ಸೇರೋದೂ ಅನುಮಾನ.”

ಸಾಹುಕಾರರನ್ನು ಬೈದು ಪ್ರಯೋಜನವಿಲ್ಲ ಬಿಡಿ. ತುರುವೇಕೆರೆಯಲ್ಲಿ ಮೂವತ್ತು ವರ್ಷ ಕೊಬ್ಬರಿ ವ್ಯಾಪಾರ ಮಾಡಿದವರು. ಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷವಿಡೀ ಸುಮ್ಮನಿದ್ದರೆ ಅದರ ಪಾಡಿಗೆ ಅದು ಕೊಬ್ಬರಿಯಾಗುತ್ತದೆ. ಆತುರಕ್ಕೆ ಒಡೆದವನು ಕೆಟ್ಟ. ಹಾಗಾಗಿ ಲೋಕದಲ್ಲಿ ಯಾವುದೇ ಆಗಲಿ, ಇಟ್ಟಷ್ಟೂ ಒಳ್ಳೆಯದು ಅಂತಲೇ ಅವರು ನಂಬಿದ್ದರು. ಹಳೆಯ ಮೆಟಡೋರ್ ಕೊಂಡು, ಅದರೊಳಗೆ ಮಡಚುವ ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕು, ತುರಿಯುವ ಮಣೆಗೊಂದು ಗೂಡು, ಎಲ್ಲ ಮಾಡಿಸಿ ಓಡಾಡುವ ಮನೆಯನ್ನೇ ಕಟ್ಟಿಸಿದರು. ಬಿಸಿಲಿಗೂ ಆಗಬೇಕು, ಮಳೆಗೂ ಆಗಬೇಕು, ಬದರಿಗೆ ಹೋದರೆ ಅಲ್ಲಿಯ ಹಿಮಕ್ಕೂ ಆಗಬೇಕು ಎಂದು ಬೆಂಗಳೂರಿನಲ್ಲಿ ಅಂಗಡಿ ಅಂಗಡಿ ಅಲೆದು ಈ ಟೈರು ತಂದರು. ತಂದು ಅಟ್ಟಕ್ಕೆ ಹಾಕಿದರು. ಓಡಾಡುವ ಮನೆ ಹಟ್ಟಿ ಮುಂದೆ ನಿಂತೇ ಇತ್ತು. ಅದು ಕಿಬ್ಬನಹಳ್ಳಿ ಕ್ರಾಸಿನವರೆಗೆ ಬಂದದ್ದು ಇವತ್ತೇ ಮೊದಲು, ಅದೂ ಟೈರು ಬದಲಿಸಲು.

ಪಾಷಾನ ಟೈರು ಅಂಗಡಿಯ ಮುಂದೆ ಬೆಂಚಿನ ಮೇಲೆ ಚೀಲ ಹಿಡಿದು ಕೂತಿದ್ದ ಅವರ ಹೆಂಡತಿ ಪುಟ್ಟಗೌರಮ್ಮನಿಗೆ ಬದರಿಯೂ ಬೇಡ, ಹಿಮವೂ ಬೇಡ. ಅವರಿಗೆ ಬೇಕಾಗಿದ್ದದ್ದು ಸಮುದ್ರ. ವಯಸ್ಸು ಐವತ್ತೆಂಟಾದರೂ ಒಂದು ಸಲವೂ ನೋಡಿರಲಿಲ್ಲ. ಮೊಣಕಾಲು ದಿನೇದಿನೇ ಕೈಕೊಡುತ್ತಿತ್ತು. ಬರುವ ವರ್ಷ ಕೋಲಿಲ್ಲದೆ ಆಗಲಾರದು ಎಂದು ಡಾಕ್ಟರು ಹೇಳಿಯಾಗಿತ್ತು. ಅಷ್ಟರೊಳಗೆ ಒಮ್ಮೆ ಅಲೆಯಲ್ಲಿ ಸ್ವಂತ ಕಾಲ ಮೇಲೆ ನಿಲ್ಲಬೇಕು, ಅಷ್ಟೇ. ಮೊದಲು ಹೊನ್ನಾವರ, ಆಮೇಲೆ ಬದರಿ ಎಂದು ಗಂಡನನ್ನು ಒಪ್ಪಿಸುವಷ್ಟರಲ್ಲಿ ಅವರ ಗಂಟಲು ಒಣಗಿತ್ತು.

“ಈಗೇನ್ ಮಾಡೋದು?” ಎಂದರು ಸೂರ್ಯಪ್ರಕಾಶ್. ವ್ಯಾನು ಇಟ್ಟಿಗೆಗಳ ಮೇಲೆ ಕೂತಿತ್ತು. ಬಿಚ್ಚಿದ ಹಳೆಯ ಟೈರುಗಳು ಬಿರಿದು ದಾರ ಬಿಟ್ಟಿದ್ದವು.

ಪಾಷಾ ಒಳಗಿನಿಂದ ಒಂದು ಟೈರು ಉರುಳಿಸಿಕೊಂಡು ಬಂದ. “ಇದು ತಗಳಿ. ಲಗೇಜ್ ಗಾಡಿಗೆಲ್ಲ ಇದನ್ನೇ ಹಾಕೋದು. ಹೊನ್ನಾವರಕ್ಕೆ ಹೋಗಿ ಬರೋಕೆ ಧಾರಾಳ ಸಾಕು. ಅರ್ಧ ಗಂಟೇಲಿ ನಾಲ್ಕೂ ಹಾಕ್ಕೊಡ್ತೀನಿ.”

“ಹಿಮದಲ್ಲಿ ಇದು ಹಿಡೀತದಾ?”

“ಹಿಮವಾ?” ಪಾಷಾ ರಸ್ತೆಯ ಕಡೆ ನೋಡಿದ. ಏಪ್ರಿಲ್ ಬಿಸಿಲಿಗೆ ಟಾರು ಕರಗುತ್ತಿತ್ತು.

“ಬದರಿಗೆ ಹೋದಾಗ ಕಣಪ್ಪ.”

“ಬದರಿಗೆ ಹೋಗೋವಾಗ ಬದರೀದು ಹಾಕ್ಸುವ್ರಂತೆ, ಬುಡಿ.”

“ಛೆ ಛೆ, ಎರಡೆರಡು ಸಲ ಯಾರ್ ಹಾಕಿಸ್ತಾರೆ? ಎಲ್ಲಾ ಕಾಲಕ್ಕೂ ಆಗೋದೇ ಬೇಕು. ತರ್ಸು.”

“ತರ್ಸಿದ್ರೆ ಹದಿನೈದು ದಿನ ಆಗ್ತದೆ.”

“ಆಗ್ಲಿ ಬುಡು. ಐದು ವರ್ಷ ಕಾದೋರಿಗೆ ಹದಿನೈದು ದಿನ ಯಾವ ಲೆಕ್ಕ?”

ಕಾದವರು ಯಾರು ಅಂತ ಅವರು ಹೇಳಲಿಲ್ಲ. ಪುಟ್ಟಗೌರಮ್ಮ ಬೆಂಚಿನಿಂದ ಎದ್ದರು. ಏಳುವಾಗ ಎರಡು ಸಲ ಕೂತು ಎದ್ದರು. ಸಿಟ್ಟೂ ಅಳುವೂ ಒಟ್ಟಿಗೇ ಬಂದು ಮುಖವೆಲ್ಲ ಕೆಂಪಾಗಿತ್ತು.

“ಪಾಷಣ್ಣ, ಹೊನ್ನಾವರದ ಬಸ್ಸು ಇಲ್ಲೇ ನಿಲ್ತದಾ?”

“ಇಲ್ಲೇ ಕಣಮ್ಮ. ಇನ್ನೇನ್ ಬರೋ ಹೊತ್ತು.”

“ಏನೇ ಇದು, ಹುಚ್ಚಾ ನಿಂಗೆ?” ಎಂದರು ಸೂರ್ಯಪ್ರಕಾಶ್. “ಇಷ್ಟೆಲ್ಲ ಮಾಡ್ಸಿರೋದು ಯಾರಿಗೇ? ಮಂಚ ಐತೆ, ಒಲೆ ಐತೆ. ಒಂದ್ ಹದಿನೈದು ದಿನ ತಡಿಯೇ, ರಾಣಿ ಥರ ಕರ್ಕೊಂಡ್ ಹೋಗ್ತೀನಿ.”

“ನಾನ್ ತಡ್ದೇನು ಕಣ್ರೀ. ಈ ಮಂಡಿ ತಡೀಬೇಕಲ್ಲ! ಅದಕ್ಕೆ ನೀವೇ ಹೇಳಿ. ನನ್ ಮಾತು ಅದು ಕೇಳಲ್ಲ.” ಸೆರಗಿನಿಂದ ಕಣ್ಣು ಒರೆಸಿಕೊಂಡು ಕೇಳಿದರು, “ನೀವೂ ಬತ್ತೀರಾ? ಬನ್ನಿ. ಇಬ್ರೂ ಹೋಗಾನ.”

ಸೂರ್ಯಪ್ರಕಾಶರಿಗೆ ಒಂದು ಗಳಿಗೆ ಹೊರಟೇಬಿಡೋಣ ಅನ್ನಿಸಿದ್ದೂ ನಿಜ. ಆದರೆ ಇಟ್ಟಿಗೆಯ ಮೇಲೆ ಕೂತ ವ್ಯಾನಿನ ಕಡೆ ಕಣ್ಣು ಹೋಯಿತು. “ಚಕ್ರ ಇಲ್ದಿರೋ ಗಾಡಿ ಬುಟ್ಟು ಎಂಗ್ ಬರ್ಲಿ? ಒಳಗೆ ಸಾಮಾನೆಲ್ಲ ಐತೆ. ಯಾರ್ ಕಾಯ್ತಾರೆ?”

ಬಸ್ಸು ಬಂದೇಬಿಟ್ಟಿತು. ಕೈ ಅಡ್ಡ ಹಾಕಿ ನಿಲ್ಲಿಸಿದವನು ಪಾಷಾ. ಚೀಲ ಹಿಡಿದು, “ನಿಧಾನ ಕಣಮ್ಮ” ಅನ್ನುತ್ತ ಹತ್ತಿಸಿದವನೂ ಅವನೇ. ಪುಟ್ಟಗೌರಮ್ಮ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಏರಿ, ಕಿಟಕಿ ಪಕ್ಕ ಕೂತರು.

ಸೂರ್ಯಪ್ರಕಾಶ್ ಬಸ್ಸಿನ ಬದಿಯಲ್ಲೇ ನಡೆದು ಆ ಕಿಟಕಿಯ ಕೆಳಗೆ ಬಂದರು. ಏನೋ ಹೇಳಲು ಬಂದವರ ಕಣ್ಣು ಅಭ್ಯಾಸದಂತೆ ಕೆಳಗಿಳಿದು, ಹಿಂದಿನ ಚಕ್ರಕ್ಕೆ ಅಂಟಿಕೊಂಡಿತು.

“ಲೇ ಗೌರೀ, ಇಳಿಯೇ ಕೆಳಗೆ! ಈ ಟೈರು ನೋಡು. ಒಂದು ಗೀಟೂ ಉಳಿದಿಲ್ಲ, ಬೋಳಾಗೈತೆ!”

ಪುಟ್ಟಗೌರಮ್ಮ ಕಿಟಕಿಯಿಂದ ಬಗ್ಗಿ ನೋಡಿದರು. ಬಸ್ಸು ಹೊರಟಿತು.

“ಹೂಂ ಕಣ್ರೀ,” ಎಂದು ಕೂಗಿದರು, “ಓಡೀ ಓಡೀ ಬೋಳಾಗೈತೆ.”