ತಡೆಯಾಜ್ಞೆ

ನ್ಯಾಯಾಧೀಶರು ಊಟಕ್ಕೆಂದು ಎದ್ದಾಗ ಕೋರ್ಟಿನಲ್ಲಿದ್ದವರೆಲ್ಲ ಎದ್ದು ನಿಂತರು. ನೀರಿನ ಕಚೇರಿಯ ಗುಮಾಸ್ತನ ಅಪ್ಪ ಮಾತ್ರ ಹಿಂದಿನ ಬೆಂಚಿನಲ್ಲಿ ಕೂತೇ ಇದ್ದರು.

ಆಯುಷ್ಯವಿಡೀ ಮನೆಮನೆಗೆ ನಡೆದು ಕಾಗದ ಹಂಚಿದ ಪೋಸ್ಟ್‌ಮ್ಯಾನ್ ಅವರು. ಬೆಳಿಗ್ಗೆ ಆಸರೆಗೆಂದು ಮಗ ಚಾಚಿದ ಕೈಯನ್ನು ಕೊಡವಿ, ಕೋರ್ಟಿನ ಮೆಟ್ಟಿಲನ್ನು ತಾವೇ ಹತ್ತಿ ಬಂದಿದ್ದರು. ಆದರೆ ಈಗಷ್ಟೇ ವಕೀಲರು, "ಮಹಾಸ್ವಾಮಿ, ಇವರ ತಂದೆ ಎದ್ದು ನಿಲ್ಲಲಾರರು. ಮಗನೇ ಎತ್ತಿ ಕೂರಿಸಬೇಕು. ಅಂಥ ಮಗನನ್ನು ಗಡಿಯಂಚಿನ ದೂರದ ಊರಿಗೆ ವರ್ಗ ಮಾಡಿದ್ದಾರೆ" ಎಂದಿದ್ದರು. ವರ್ಗಾವಣೆಗೆ ತಡೆಯಾಜ್ಞೆ ಸಿಕ್ಕಿತ್ತು. ಗುಮಾಸ್ತನಿಗೆ ಮಾತ್ರ ಅಪ್ಪನ ಕಡೆ ತಿರುಗಿ ನೋಡುವ ಧೈರ್ಯ ಬಂದಿರಲಿಲ್ಲ.

"ಮುಗೀತಪ್ಪ, ಏಳಿ" ಎಂದ ಮೆಲ್ಲಗೆ.

"ನಿಮ್ಮ ಸಾಹೇಬ್ರು ಬಾಗಿಲಲ್ಲೇ ನಿಂತಿದ್ದಾರೆ, ನೋಡು. ಎತ್ಕೋ."

ಅವನು ಎತ್ತಿಕೊಂಡ. ಬೆಳಿಗ್ಗೆ ಅಪ್ಪ ತಾವೇ ಪಾಲಿಶ್ ಹಾಕಿಕೊಂಡಿದ್ದ ಬೂಟುಗಳು ಅವನ ಮೊಣಕಾಲಿಗೆ ಬಡಿಯತೊಡಗಿದವು. ಸಾಹೇಬರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ಮನೆ ಹತ್ರ ಇಳಿಸ್ತೀನಪ್ಪ."

"ನೀರಿನ ಮೀಟರ್ ನೋಡೋಕೆ ನಿಮ್ಮ ಆಫೀಸಿನೋರು ಬೀದಿಬೀದೀಲೂ ಓಡಾಡ್ತಾರೆ. ಇನ್ನು ನಾನು ಹೊಸಿಲು ದಾಟೋ ಹಾಗಿಲ್ವಲ್ಲೋ." ಅಪ್ಪ ಅವನ ಕುತ್ತಿಗೆಯನ್ನು ಬಿಗಿಯಾಗಿ ಹಿಡಿದುಕೊಂಡರು. "ನೀನು ರಿಟೈರಾಗೋಕೆ ಇನ್ನೆಷ್ಟು ವರ್ಷ ಇದೆ?"