ಹಾಜರಿ ಚೀಟಿ

"ನಿಮ್ಮ ಹೆಸರು ಏನಂತ ಬರೀಲಿ?" ಒಂದು ಗಂಟೆ ಎದುರೇ ಕೂತು ಅವಳ ಬಸೂನ್ ವಾದನ ಕೇಳಿದ್ದ ಹುಡುಗ ಚೀಟಿಯಿಂದ ತಲೆ ಎತ್ತದೆ ಕೇಳಿದ. "ಮಾರ್ಲಿಸ್," ಎಂದು ಅವಳು ಸಹಿ ಹಾಕಿದಳು. ಸಂಗೀತ ಪದವಿಗೆ ಸೇರಿದವರು ಟರ್ಮಿಗೆ ಹನ್ನೆರಡು ಕಚೇರಿ ಕೇಳಲೇಬೇಕು, ನುಡಿಸಿದವರಿಂದ ಚೀಟಿಗೆ ಸಹಿ ಹಾಕಿಸಲೇಬೇಕು. ಇವತ್ತಿನದು ಅವಳ ಕೊನೆಯ ವರ್ಷದ ಕಚೇರಿ.

"ಬೇಗ ಮುಗ್ಸೋ, ಊಟದ ಹಾಲ್ ಮುಚ್ಬಿಡ್ತಾರೆ," ಸಾಲಿನಲ್ಲಿ ಹಿಂದೆ ನಿಂತವನು ತಿವಿದ. ಆ ಹುಡುಗ ಮೇಜಿನ ಮೇಲಿದ್ದ ತಟ್ಟೆಯಿಂದ ಎರಡು ಕುಕಿ ಎತ್ತಿಕೊಂಡ. "ಸಖತ್ತಾಗಿದೆ. ನಿಮ್ಮಮ್ಮ ಮಾಡಿದ್ದಾ?"

"ಹ್ಞೂಂ, ಅಮ್ಮಾನೇ."

ಅಮ್ಮ ಬಂದಿರಲಿಲ್ಲ. ಕಚೇರಿ ಮುಗಿದ ಮೇಲೆ ಹಂಚಲು ವಾಡಿಕೆಯಂತೆ ಮನೆಯವರು ತರಬೇಕಾದ ಕುಕಿಗಳನ್ನು ಮಾರ್ಲಿಸ್ ಬೆಳಿಗ್ಗೆ ತಾನೇ ಕೊಂಡು ತಂದು, ಅಂಗಡಿಯ ಡಬ್ಬಿಯನ್ನು ಬಚ್ಚಿಟ್ಟು, ತಟ್ಟೆಯಲ್ಲಿ ಜೋಡಿಸಿದ್ದಳು.

ಸಾಲು ಕರಗಿ ಕೊನೆಗೆ ಉಳಿದವನು ಟ್ಯೂಬಾ ನುಡಿಸುವ ಆಸ್ಮಂಡ್. ಅವಳದೇ ತರಗತಿಯವನು. ನಾಲ್ಕು ವರ್ಷದಲ್ಲಿ ಇಬ್ಬರೂ ಮಾತಾಡಿದ್ದು, ಅಭ್ಯಾಸದ ಕೋಣೆ ಖಾಲಿ ಇದೆಯಾ ಎಂದಷ್ಟೇ. ಅವಳು ಅಭ್ಯಾಸಬಲದಿಂದ ಕೈ ಚಾಚಿದಳು.

"ಕೊಡು."

"ಏನು?"

"ಚೀಟಿ."

"ನಂದು ಹನ್ನೆರಡೂ ಹೋದ ತಿಂಗಳೇ ಮುಗೀತು," ಎಂದ ಆಸ್ಮಂಡ್. "ಇವತ್ತು ನುಡಿಸಿದ್ರಲ್ಲಿ ಆ ಎರಡನೇದು ಇದ್ಯಲ್ಲ, ನಿಧಾನದ್ದು? ನೀನು ಅಭ್ಯಾಸ ಮಾಡೋವಾಗ ಪಕ್ಕದ ಕೋಣೇಲಿ ಕೂತು ಕೇಳ್ತಿದ್ದೆ. ಯಾವಾಗ್ಲೂ ಅರ್ಧಕ್ಕೇ ನಿಲ್ಲಿಸ್ತಿದ್ದೆ ನೀನು. ಪೂರ್ತಿ ಕೇಳೋಣ ಅಂತ ಬಂದೆ."

ಚಾಚಿದ ಕೈಯನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಆ ಕೈಯಿಂದಲೇ ಕುಕಿ ತಟ್ಟೆಯನ್ನು ಅವನತ್ತ ಸರಿಸಿದಳು.

"ತಗೋ," ಎಂದಳು. "ಅಂಗಡೀದು."